ದೋಣಿಯವರ ಪಾಳೆಯ

ಕಣ್ಣು ಬಿಟ್ಟಾಗ ನಕ್ಷೆಯಲ್ಲಿ ನದಿಯ ಮೇಲೆ ಗುಮ್ಮಿಯ ಬೊಂಬೆ ಒಂದೇ ನಿಂತಿತ್ತು. ಉಳಿದೆರಡೂ ಗುಡ್ಡದ ಕೋಟೆಯಲ್ಲಿದ್ದವು. ಕಣ್ಣು ಮುಚ್ಚಿಕೊಂಡು ಇಡುವ ಭರದಲ್ಲಿ ಅಕ್ಕನ ಕೈ ತಪ್ಪಿರಬೇಕು ಎಂದುಕೊಂಡಳು ಅವಳು. ಆದರೆ ಅಕ್ಕ ಆಗಲೇ ಪಕ್ಕದ ಕೊರಿಯರ್ ಆಫೀಸಿನವಳ ಅಂಗೈಗೆ ಅಂಗೈ ತಟ್ಟಿ ನಗುತ್ತಿದ್ದಳು.

ಆಟ ಆಡಿಸುವವನು ಹಲ್ಲಿನ ಸೆಟ್ಟು ಮಾಡುವವನು. ಭಾನುವಾರ ಮಧ್ಯಾಹ್ನ ಕೆಲಸದ ಮೇಜನ್ನೇ ಒರೆಸಿ, ನಕ್ಷೆ ಹಾಸಿ, ಕಥೆ ಶುರು ಮಾಡುತ್ತಾನೆ. ಉಳಿದ ಮೂವರು ಆ ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ. ಗೆಲ್ಲುವುದು ಬೀಳುವುದನ್ನು ದಾಳ ನೋಡಿಕೊಳ್ಳುತ್ತದೆ. ಬೊಂಬೆಗಳನ್ನು ಅವನು ಕೃತಕ ಒಸಡಿನ ಗುಲಾಬಿ ಸಾಮಾನಿನಲ್ಲೇ ಎರಕ ಹೊಯ್ದಿದ್ದ. ಹಾಗಾಗಿ ಎಂಥ ಶೂರನೂ ಈಗಷ್ಟೇ ಹಲ್ಲು ಕೀಳಿಸಿಕೊಂಡು ಬಂದವನಂತೆ ಕಾಣುತ್ತಿದ್ದ. ಪಾಳೆಯ ಆರಿಸುವುದಕ್ಕೆ ಅವನದೊಂದು ಕಟ್ಟಳೆ: ಒಬ್ಬರನ್ನು ನೋಡಿ ಇನ್ನೊಬ್ಬರು ಹೋಗಬಾರದು. ಎಡಕ್ಕೆ ಕೋಟೆಯವರು, ಬಲಕ್ಕೆ ನದಿಯ ಮೇಲಿನ ದೋಣಿಯವರು. ಎಲ್ಲರೂ ಕಣ್ಣು ಮುಚ್ಚಿ ಒಟ್ಟಿಗೆ ಬೊಂಬೆ ಇಡಬೇಕು. ಕೈ ತೆಗೆದರೆ ಮುಗಿಯಿತು, ಕಥೆ ತೀರುವವರೆಗೆ ಅದೇ ಪಾಳೆಯ.

ಬಾಯಿ ಬಿಡದ ಗುಮ್ಮನಗುಸುಕಿ ಎಂದು ಅವಳಿಗೆ ಗುಮ್ಮಿ ಎಂಬ ಹೆಸರು ಕಟ್ಟಿದ್ದೇ ಅಕ್ಕ. ಒಡಹುಟ್ಟಿದ ಅಕ್ಕನಲ್ಲ, ಒಂದೇ ರೂಮಿನಲ್ಲಿರುವ ನರ್ಸ್. ಕನ್ನಡಕದಂಗಡಿಯ ಹಿಂಬದಿಯಲ್ಲಿ ದಿನವಿಡೀ ಗಾಜು ಉಜ್ಜಿ ಬರುವ ಗುಮ್ಮಿಯನ್ನು ಬಂದ್ಯಾ, ಉಂಡ್ಯಾ ಎಂದು ಕೇಳುವ ಜೀವ ಅವಳೊಬ್ಬಳೇ. ಈಚೆಗೆ ಅದೂ ನಿಂತಿತ್ತು. ಅಕ್ಕ ಹೊರಗೇ ಉಂಡು ಬಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ತಾನೇನು ತಪ್ಪು ಮಾಡಿದೆನೆಂದು ಕೇಳಲು ಗುಮ್ಮಿಗೆ ನಾಲಿಗೆ ಏಳಲಿಲ್ಲ. ಅಂಥದ್ದರಲ್ಲಿ ಮೊನ್ನೆ ಬಟ್ಟೆ ಒಣಹಾಕುತ್ತ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಅಕ್ಕ, ಹೊಸ ಕಥೆಯಲ್ಲಿ ನಾವಿಬ್ಬರೂ ದೋಣಿಯವರ ಕಡೆಗೆ ಹೋಗೋಣ ಕಣೇ ಎಂದಿದ್ದಳು. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ. ಅಕ್ಕ ದೋಣಿ ನಡೆಸುವವಳು, ತಾನು ಅದರ ತೂತು ಮುಚ್ಚುವವಳು ಎಂದು ಗುಮ್ಮಿ ಗಾಜು ಉಜ್ಜುತ್ತಲೇ ಒಂದು ಬದುಕು ಕಟ್ಟಿಕೊಂಡುಬಿಟ್ಟಿದ್ದಳು.

"ನಾನೂ ಕೋಟೆಗೆ ಬರ್ಲಾ?" ಎಂದಳು ಈಗ. ಕೇಳುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

ಹಲ್ಲಿನವನು ಮೆತ್ತಗಿನ ಮನುಷ್ಯ. ಕಟ್ಟಳೆ ಕಟ್ಟಳೆಯೇ, ಆದರೂ ಉಳಿದವರು ಒಪ್ಪಿದರೆ ಇದೊಂದು ಸಲ ಆಗಲಿ ಎಂದ. ಒಪ್ಪದಿದ್ದವಳು ಕೊರಿಯರ್ ಆಫೀಸಿನವಳು. ಎಲ್ಲರೂ ಬಂದು ಕೋಟೆಯಲ್ಲೇ ಕಾಲು ಚಾಚಿದರೆ ಹೊಡೆದಾಡುವುದು ಯಾರ ಜೊತೆ, ಹಲ್ಲಿಲ್ಲದ ಈ ಬೊಂಬೆಗಳ ಜೊತೆಯೇ ಎಂದು ಕೇಳಿದಳು. ಗುಮ್ಮಿ ಅಕ್ಕನ ಮುಖ ನೋಡಿದಳು.

"ಅಲ್ಲೇ ಇರೇ," ಎಂದಳು ಅಕ್ಕ, ಉಗುರು ನೋಡಿಕೊಳ್ಳುತ್ತ. "ನಿಂಗೆ ಹೇಗೂ ಒಬ್ಬಳೇ ಇದ್ದು ಅಭ್ಯಾಸ ಅಲ್ವಾ."

ನಡುನೀರಿನಲ್ಲಿ ಕೈಬಿಡುವುದೆಂದರೆ ಇಷ್ಟು ಸುಲಭ, ದನಿಯೂ ಏರಲಿಲ್ಲ. ಗುಮ್ಮಿ ತಲೆಯಾಡಿಸಿದಳು. ಅವರಿಬ್ಬರೂ ಕುರ್ಚಿ ಎಳೆದುಕೊಂಡು ಮೇಜಿನ ಒಂದೇ ಬದಿಗೆ ಸರಿದರು.

ಕಥೆ ಶುರುವಾಯಿತು. ಕೋಟೆಯವರು ಕತ್ತಲಲ್ಲಿ ದಡಕ್ಕಿಳಿದು ಸಂಚು ಮಾಡುತ್ತಿದ್ದಾರೆ, ದೋಣಿಯೊಳಗಿನವಳು ಎಚ್ಚರವಿದ್ದಾಳೋ ಇಲ್ಲವೋ ಎಂದ ಹಲ್ಲಿನವನು. ನೀವಿಬ್ಬರೂ ಪಿಸುಗುಟ್ಟಿಕೊಳ್ಳಿ, ಅವಳಿಗೆ ಕೇಳಿಸಿತೋ ಇಲ್ಲವೋ ಆಮೇಲೆ ದಾಳ ಹೇಳುತ್ತದೆ ಎಂದವನು, ಒಲೆಯ ಮೇಲೆ ಸೆಟ್ಟು ಬೇಯುತ್ತಿದ್ದ ಪಾತ್ರೆ ನೋಡಲು ಎದ್ದು ಹೋದ.

ಅವರು ತಲೆಗೆ ತಲೆ ಕೂಡಿಸಿದರು. ಮಾತು ಕಡಿಮೆ ಇದ್ದವರಿಗೆ ಕಿವಿ ಚುರುಕು, ಮೇಜೂ ಅಗಲವಿರಲಿಲ್ಲ.

"ರೂಮಿನ ವಿಷ್ಯ ಹೇಳಿದ್ಯೇನೇ ಅವಳಿಗೆ?" ಎಂದಳು ಕೊರಿಯರ್ ಆಫೀಸಿನವಳು.

"ಇನ್ನೂ ಇಲ್ಲ. ಒಂದನೇ ತಾರೀಖು ನಿನ್ ಮನೆಗೆ ಸಾಮಾನು ಸಾಗಿಸ್ತೀನಲ್ಲ, ಆಗ ಗೊತ್ತಾಗತ್ತೆ ಬಿಡು. ಮೊದ್ಲೇ ಹೇಳಿದ್ರೆ ಆ ಮುಖ ಯಾರು ನೋಡ್ತಾರೆ."

ಗುಮ್ಮಿ ಆ ಮುಖವನ್ನು ನಕ್ಷೆಯ ಮೇಲೆ ಬಗ್ಗಿಸಿದಳು. ನದಿಯ ನೀಲಿ ಬಣ್ಣವನ್ನು ಒಂದೇ ಕಡೆಗೆ ಗೀರೆಳೆದು ತುಂಬಿದ್ದ ಹಲ್ಲಿನವನು. ಎಲ್ಲ ಗೀರುಗಳೂ ನಕ್ಷೆಯಿಂದಾಚೆಗೆ ಹರಿದು ಹೋಗುತ್ತಿದ್ದವು.

ಒಳಗಿನಿಂದಲೇ ಅವನು, "ಸಂಚು ಆಯ್ತಾ? ಗುಮ್ಮಿ, ದಾಳ ಹಾಕಮ್ಮ. ಹತ್ತು ದಾಟಿದ್ರೆ ಅವರು ಆಡಿದ್ದೆಲ್ಲ ನಿಂಗೆ ಕೇಳಿಸಿದೆ ಅಂತ ಲೆಕ್ಕ. ಒಂದೂ ಬಿಡದೆ ಹೇಳಿಬಿಡು," ಎಂದ.

ಅವಳು ಇಪ್ಪತ್ತು ಮುಖದ ದಾಳವನ್ನು ಉರುಳಿಸಿದಳು. ಅದು ಕೋಟೆಯ ತನಕ ಹೋಗಿ, ಅಕ್ಕನ ಬೊಂಬೆಗೆ ತಗುಲಿ ನಿಂತಿತು. ಹತ್ತೊಂಬತ್ತು. ಅಕ್ಕ ದಾಳವನ್ನು ನೋಡಿದಳು, ಆಮೇಲೆ ಗುಮ್ಮಿಯನ್ನು ನೋಡಿದಳು, ಅವಳ ಮುಖದಿಂದ ನಗು ನಿಧಾನಕ್ಕೆ ಇಳಿಯಿತು. ಹಲ್ಲಿನವನು ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಗುಮ್ಮಿ ಕೈ ಚಾಚಿ ದಾಳವನ್ನು ಎತ್ತಿಕೊಂಡಿದ್ದಳು.

"ಮೂರು ಬಿತ್ತು," ಎಂದಳು. "ನಂಗೇನೂ ಕೇಳಿಸ್ಲಿಲ್ಲ."

ಅವನು ನಂಬಲಾರದೆ ಉಳಿದಿಬ್ಬರ ಕಡೆ ತಿರುಗಿದ.

"ಹೂಂ," ಎಂದಳು ಅಕ್ಕ, "ಮೂರೇ."