ಅಜ್ಜಿಯ ಬುಗುರಿ

ಮರದ ಆಟಿಕೆಯ ಅರಗಿನ ವಾಸನೆ ಬಂದರೆ ಇಂದಿಗೂ ಹಲಸೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಪುಸ್ತಕ, ಆಟಿಕೆ ಮಾರುವ ಅಂಗಡಿಗೆ ಅಜ್ಜಿ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಂಗಡಿಯಾಕೆ ನನಗೊಂದು ಚಿತ್ರಕಥೆಯ ಪುಸ್ತಕ ಆರಿಸಿಕೊಟ್ಟು, "ನಿಮಗೇನು ಕೊಡ್ಲಿ ಅಜ್ಜಿ?" ಎಂದು ಕೇಳಿದರು.

"ನನಗ್ಯಾಕಮ್ಮ ಆಟದ ಸಾಮಾನು?" ಅಂದರೂ ಅಜ್ಜಿಯ ಕಣ್ಣು ಬುಗುರಿಗಳ ಬುಟ್ಟಿಯ ಮೇಲೇ ಇತ್ತು. ಆಕೆ ಒಂದನ್ನು ತೆಗೆದು ಅಜ್ಜಿಯ ಕೈಗಿಟ್ಟರು.

ಅಜ್ಜಿ ನುಣುಪಾದ ಮರವನ್ನು ಸವರಿದರು. ಸೆರಗು ಸಿಕ್ಕಿಸಿ, ಚಾಟಿ ಸುತ್ತಿ ಬೀಸಿದರು. ಬುಗುರಿ ನೆಲದ ಮೇಲೆ ಗುಂಯ್‌ಗುಟ್ಟಿತು. ನಾನು ಬಾಯಿ ತೆರೆದು ನಿಂತೆ.

"ಅಣ್ಣಂದಿರು ಹೊಲಕ್ಕೆ ಹೋದ್ಮೇಲೆ ಕದ್ದು ಆಡ್ತಿದ್ದೆ. ಹೆಣ್ಮಕ್ಕಳಿಗೆ ಯಾರು ಕೊಡಿಸ್ತಿದ್ರು?" ಅಂದರು ಅಜ್ಜಿ.

"ಮೊಮ್ಮಗಳಿಗೆ ಪ್ಯಾಕ್ ಮಾಡ್ಲಾ?" ಎಂದು ಅಂಗಡಿಯಾಕೆ ಕೈ ಚಾಚಿದಾಗ ಅಜ್ಜಿ ಬುಗುರಿಯನ್ನು ಬಿಟ್ಟುಕೊಡಲಿಲ್ಲ.

"ಇದು ನಂದು. ಅವಳಿಗೆ ಇನ್ನೊಂದು ಕೊಡಮ್ಮ."