ಕೈಗವಸಿನ ನಿಯಮ

ಆ ಕಾಲದಲ್ಲಿ ಸರ್ಕಾರಿ ನಿಯಮ ಬರೆದವರು ಮೊದಲು ಎಂಟು ದಿನ ತಾವೇ ಅದರಡಿ ದುಡಿಯಬೇಕಿತ್ತು. ಹಾಗಾಗಿ, ರೊಟ್ಟಿ ಬಡಿಯುವವರಿಗೆ ಕೈಗವಸು ಕಡ್ಡಾಯವೆಂದು ಬರೆದ ಅಧಿಕಾರಿ ಶ್ರೀಪಾದರಾಯರು ಗದಗಿನ ಗುರುಸಿದ್ದವ್ವನ ಖಾನಾವಳಿಗೆ ಬಂದು ಒಲೆಯ ಮುಂದೆ ಕುಳಿತರು.

ಗವಸಿಗೆ ಹಿಟ್ಟು ಮೆತ್ತಿಕೊಂಡು ಮೊದಲ ಮೂರು ದಿನವೂ ಅವರ ರೊಟ್ಟಿಗಳು ಹರಿದವು. ನಿಯಮ ಜಾರಿಯಾದರೆ ಖಾನಾವಳಿ ಮುಚ್ಚಬೇಕಾದೀತೆಂದು ಗುರುಸಿದ್ದವ್ವ ಕಳವಳಪಟ್ಟಳು.

ನಾಲ್ಕನೆಯ ದಿನ ರಾಯರು ಗವಸು ಕಳಚಿ, ಸಾಬೂನಿನಿಂದ ಕೈ ತೊಳೆದು ಬಡಿದರು. ರೊಟ್ಟಿ ಹಂಚಿನ ಮೇಲೆ ಉಬ್ಬಿತು.

"ಈ ನಿಯಮಾನ ಬ್ಯಾಡ ಬಿಡವ್ವಾ," ಎಂದು ಅವರು ನಿಯಮದ ಹಾಳೆ ಹರಿಯಹೊರಟರು.

"ತಡೀರಿ ಸಾಹೇಬ್ರ, ಕೈ ತೊಳಿಯೂದು ಬರೀರಿ. ಅದೊಂದು ಇರಬೇಕ್ರಿ."

ರಾಯರು ಗವಸಿನ ಸಾಲು ಹೊಡೆದುಹಾಕಿ ಹಾಗೆಯೇ ಬರೆದರು. ಗುರುಸಿದ್ದವ್ವ ಅವರು ಬಡಿದ ರೊಟ್ಟಿಗೆ ಬೆಣ್ಣೆ ಸವರಿ, ಮೊದಲ ಸಲ ಗಿರಾಕಿಯ ತಟ್ಟೆಗೆ ಹಾಕಿದಳು.