ಶಿಳ್ಳೆಗೆ ಓಡದ ಜಿಂಕೆ

ಲೋಕದ ಹವೆ ತಿರುಗಿ ಕಪ್ಪತಗುಡ್ಡದ ಮೇಲೂ ಹಿಮ ಬೀಳತೊಡಗಿದಾಗಿನಿಂದ, ಅದು ಪ್ರತಿವರ್ಷ ಶಿವರಾತ್ರಿಗೆಲ್ಲ ಕರಗುತ್ತಿತ್ತು. ಈ ಸಲ ಯುಗಾದಿ ಕಳೆದರೂ ಮೊಣಕಾಲುದ್ದ ಬಿದ್ದಿತ್ತು.

ದ್ಯಾಮವ್ವ ಬಂದೂಕು ಎತ್ತಿ, ವಾಡಿಕೆಯಂತೆ ಮೊದಲು ಶಿಳ್ಳೆ ಹಾಕಿದಳು. ಜಿಂಕೆ ಓಡಲಿಲ್ಲ. ಎಲುಬು ಎದ್ದ ಮೈಯನ್ನು ಮುಳ್ಳುಕಂಟಿಗೆ ಆನಿಸಿ ನಿಂತೇ ಇತ್ತು.

"ಹೊಡಿ ಅಕ್ಕಾ," ಎಂದ ತಮ್ಮ ಹುಲಗಪ್ಪ. "ಮನ್ಯಾಗ ಹಿಟ್ಟು ತೀರೈತಿ."

"ಓಡೂದನ್ನಷ್ಟ ಹೊಡೀಬೇಕು, ಗೊತ್ತಿಲ್ಲೇನು? ನಿತ್ರಾಣಾಗಿ ನಿಂತದ್ದನ್ನೆಲ್ಲ ಹೊಡದ್ರ ಬರೋ ವರ್ಷ ಗುಡ್ಡ ಖಾಲಿ ಆಕ್ಕೈತಿ."

"ಬರೋ ವರ್ಷದ ಮಟ ನಾವು ಉಳೀಬೇಕಲ್ಲ?"

ದ್ಯಾಮವ್ವ ಮತ್ತೊಮ್ಮೆ ಶಿಳ್ಳೆ ಹಾಕಿದಳು. ಜಿಂಕೆ ಕಿವಿಯನ್ನಷ್ಟೇ ಅಲ್ಲಾಡಿಸಿತು.

ಹುಲಗಪ್ಪ ಹಿಮದ ಉಂಡೆಗಳನ್ನು ಅದರತ್ತ ಎಸೆಯತೊಡಗಿದ. "ಓಡು ನಮ್ಮವ್ವಾ! ನಾಕು ಹೆಜ್ಜಿ ಓಡು!"

ಬಂದೂಕಿಗೆ ಗಲ್ಲ ಒತ್ತಿಕೊಂಡೇ ದ್ಯಾಮವ್ವ, ಓಡಬೇಡ ಎಂದು ಮನಸ್ಸಿನಲ್ಲೇ ಜಿಂಕೆಯನ್ನು ಬೇಡಿಕೊಂಡಳು.